ವೀರಬಣಂಜುಧರ್ಮ: ಅಯ್ಯಾವೊಳೆಯ ಐನೂರ್ವರ ಕಟ್ಟಳೆ

ಮಧ್ಯಯುಗದ ಕನ್ನಡ ಶಾಸನಗಳಲ್ಲಿ ಅಯ್ಯಾವೊಳೆಯ ಐನೂರ್ವರು ಸ್ವಾಮಿಗಳೆಂಬ ವರ್ತಕಸಂಘದ ಹೆಸರು ಮೇಲಿಂದ ಮೇಲೆ ಕಾಣಬರುತ್ತದೆ. ಮಲಪ್ರಭಾ ನದಿಯ ಬಳಿ, ಈಗಿನ ಬಾಗಲಕೋಟೆ ಜಿಲ್ಲೆಗೆ ಸೇರಿದ ಐಹೊಳೆಯೇ ಆ ಅಯ್ಯಾವೊಳೆ. ಈ ವರ್ತಕರು ತಮ್ಮನ್ನು ವೀರಬಣಂಜುಧರ್ಮದ ಪ್ರತಿಪಾಲಕರೆಂದು ಕರೆದುಕೊಂಡಿದ್ದಾರೆ. ಈ ಧರ್ಮವು ಬರಿಯ ಬಿರುದಾಗಿದ್ದಿತೋ, ವ್ಯವಹಾರದಲ್ಲಿ ನಡೆದುಬಂದ ಕಟ್ಟಳೆಯಾಗಿದ್ದಿತೋ ಎಂಬುದು ವಿಚಾರಾರ್ಹವಾದ ವಿಷಯ.

ಶಿಕಾರಿಪುರ ತಾಲ್ಲೂಕಿನ 11ನೆಯ ಶತಮಾನದ ಶಾಸನವೊಂದರಲ್ಲಿ ಇವರ ದೀರ್ಘವಾದ ಪ್ರಶಸ್ತಿಯಿದೆ. ಸತ್ಯ, ಶೌಚ, ಆಚಾರ, ನಯ, ವಿನಯಗಳು ಇವರ ಗುಣಗಳೆಂದು ಅದರಲ್ಲಿ ವರ್ಣಿತವಾಗಿವೆ. ಇವರು ನೆಲದಾರಿ ಜಲಮಾರ್ಗಗಳಲ್ಲಿ ಸಂಚರಿಸಿ ಆನೆ, ಕುದುರೆ, ಮುತ್ತು, ವಜ್ರ, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿಗಳನ್ನು ಮಾರುತ್ತಿದ್ದರು. ಸಗಟು ವ್ಯಾಪಾರಿಗಳಂತೆ ಹೆಗಲಮೇಲೆ ಹೊತ್ತು ಮಾರುವವರೂ ಇವರಲ್ಲಿದ್ದರು. ಆದರೆ ಸತ್ಯಶೌಚಗಳೆಂಬ ಮಾತುಗಳು ಅಂದಿನ ಸಾಮಂತರ ಪ್ರಶಸ್ತಿಗಳಲ್ಲಿಯೂ ಧಾರಾಳವಾಗಿ ದೊರೆಯುತ್ತವೆ. ಆದುದರಿಂದ ಪ್ರಶಸ್ತಿಯೊಂದನ್ನೇ ನಂಬಿ ಆಚರಣೆಯನ್ನು ನಿರ್ಣಯಿಸುವುದು ಯುಕ್ತವಲ್ಲ.

ಇದಕ್ಕಿಂತ ಬಲವಾದ ಸಾಕ್ಷ್ಯವು ದತ್ತಿಯ ಭಾಗದಲ್ಲಿ ದೊರೆಯುತ್ತದೆ. ಕೊಲ್ಲಾಪುರದ 12ನೆಯ ಶತಮಾನದ ಶಾಸನದಲ್ಲಿ ಹಲವು ಊರುಗಳ ವರ್ತಕರು ಕೂಡಿ, ಅಲ್ಲಿಯ ಜೈನಬಸದಿಗಾಗಿ ಒಂದೊಂದು ಸರಕಿನ ಮೇಲೂ ಇಷ್ಟಿಷ್ಟೆಂದು ಆಯವನ್ನು ಗೊತ್ತುಮಾಡಿದ್ದಾರೆ. ಇದು ಅರಸನು ಹೇರಿದ ಸುಂಕವಲ್ಲ. ವರ್ತಕರು ತಾವಾಗಿ ಒಪ್ಪಿಕೊಂಡುದು. ಹೇರಿಗಿಷ್ಟು ಕೊಡಬೇಕಾದರೆ ಹೇರಿನ ಪ್ರಮಾಣವನ್ನು ಮರೆಮಾಚದೆ ಹೇಳಬೇಕು. ಹೀಗೆ ಪ್ರಶಸ್ತಿಯ ಸತ್ಯವು ಇಲ್ಲಿ ತಕ್ಕಡಿಯ ಸತ್ಯವಾಗಿ ಪರಿಣಮಿಸುತ್ತದೆ. ಈ ವರ್ತಕರ ಔದಾರ್ಯವು ಒಂದೇ ಮತಕ್ಕೆ ಕಟ್ಟುಬಿದ್ದುದೂ ಅಲ್ಲ. 1095ರ ಡಂಬಳದ ಶಾಸನದಲ್ಲಿ ಅಲ್ಲಿಯ ಹದಿನಾರು ಸೆಟ್ಟಿಗಳು ಕಟ್ಟಿಸಿದ ಬೌದ್ಧವಿಹಾರದ ಉಲ್ಲೇಖವಿದೆ.

ಐನೂರ್ವರ ಹೆಸರು ಕನ್ನಡನಾಡಿನ ಎಲ್ಲೆಯನ್ನೂ ದಾಟಿತು. ಸುಮಾತ್ರಾದ್ವೀಪದ ಬಾರೂಸ್ ಎಂಬಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿ ಐನೂರ್ವರ ಕೂಟವು ಹಡಗಿನವರು ಹೊನ್ನಿನ ರೂಪದಲ್ಲಿ ಸಲ್ಲಿಸತಕ್ಕ ಆಯವನ್ನು ವಿಧಿಸಿದೆ. ಚಾಲುಕ್ಯರ ಆಜ್ಞೆಯು ಅಲ್ಲಿ ಸಲ್ಲುವಂತಿರಲಿಲ್ಲ. ಬೇರೆ ಬೇರೆ ಅರಸರ ನಾಡುಗಳಲ್ಲಿ, ಮುಖಪರಿಚಯವೂ ಇಲ್ಲದವರೊಡನೆ ಕೊಳುಕೊಡೆ ನಡೆಸುವವರಿಗೆ ಸಂಘದ ಹೆಸರೂ ಅದರ ಕಟ್ಟಳೆಯೂ ನಂಬಿಕೆಗೆ ಆಧಾರವಾಗಿದ್ದುವು. ಒಂದೇ ಬಗೆಯ ಪ್ರಶಸ್ತಿಯು ಊರೂರುಗಳಲ್ಲಿ ಪುನರುಕ್ತವಾದುದರ ಮರ್ಮವೂ ಇದೇ ಆಗಿರಬೇಕು.

ಈ ಧರ್ಮಕ್ಕೆ ಮಿತಿಯೂ ಇದ್ದಿತು. ವೀರಶಬ್ದವು ಅಲಂಕಾರಕ್ಕಾಗಿ ಬಂದುದಲ್ಲ. ದಾರಿಯ ಭಯವನ್ನು ಎದುರಿಸಲು ಇವರು ಆಯುಧಪಾಣಿಗಳನ್ನು ಜೊತೆಯಲ್ಲಿಟ್ಟುಕೊಂಡಿದ್ದರು. ಗವರೆ, ಗಾತ್ರಿಗ, ಸೆಟ್ಟಿ, ಗಾವುಂಡ, ಬೀರ ಎಂದು ಸಂಘಕ್ಕೆ ಸೇರಿದವರನ್ನು ಆದರದಿಂದ ಹೆಸರಿಸುವ ಪ್ರಶಸ್ತಿಯು, ಹೊರೆಯಾಳಿನ ಕೂಲಿ ಎಷ್ಟೆಂಬುದನ್ನು ಹೇಳುವುದಿಲ್ಲ. ಸರಕಿನ ಒಡೆಯರು ತಮ್ಮತಮ್ಮೊಳಗೆ ಮಾಡಿಕೊಂಡ ಒಡಂಬಡಿಕೆಯೇ ಅದರ ತಿರುಳು.

ಆದುದರಿಂದ ವೀರಬಣಂಜುಧರ್ಮವನ್ನು ಬರಿಯ ಆತ್ಮಪ್ರಶಂಸೆಯೆಂದು ತಳ್ಳಿಹಾಕುವುದೂ, ಸರ್ವಜನಹಿತದ ಧರ್ಮವೆಂದು ಕೊಂಡಾಡುವುದೂ ಸಮಂಜಸವಲ್ಲ. ಪ್ರಶಸ್ತಿಯಲ್ಲಿ ಹೊಗಳಿಕೊಂಡ ಗುಣಕ್ಕೆ ದತ್ತಿಯಲ್ಲಿ ಬೆಲೆ ತೆತ್ತಿರುವಷ್ಟರ ಮಟ್ಟಿಗೆ ಅದು ಜೀವಂತವಾದ ಕಟ್ಟಳೆಯಾಗಿದ್ದಿತು. ಶಾಸನವನ್ನು ಓದುವವರು ಪದ್ಯಗಂಧಿಯಾದ ಮೊದಲ ಭಾಗದಷ್ಟೇ ಗಮನವನ್ನು ಹೇರು, ಹೊರೆ, ಆಯಗಳ ಲೆಕ್ಕವಿರುವ ಕೊನೆಯ ಸಾಲುಗಳಿಗೂ ಕೊಡಬೇಕಾದುದು ಇದಕ್ಕಾಗಿಯೇ.