ಕ್ರಿಕೆಟ್ ಆಡಳಿತದಲ್ಲಿ ಆಟಗಾರರ ಪ್ರಾತಿನಿಧ್ಯ: ಒಂದು ಚಾರಿತ್ರಿಕ ಅವಲೋಕನ

ಭಾರತೀಯ ಕ್ರಿಕೆಟ್ಟಿನ ಚರಿತ್ರೆಯೆಂದು ಬರೆಯಲ್ಪಟ್ಟಿರುವುದರಲ್ಲಿ ಬಹುಪಾಲು ಪಂದ್ಯಗಳ ಚರಿತ್ರೆ. ರನ್ನುಗಳು, ವಿಕೆಟ್ಟುಗಳು, ಪ್ರವಾಸಗಳು ಅಲ್ಲಿ ಲೆಕ್ಕಕ್ಕೆ ಬಂದಿವೆ. ಆಟವನ್ನು ಆಡಿದವರಿಗೂ ಆಟವನ್ನು ಆಳಿದವರಿಗೂ ನಡುವೆ ಇದ್ದ ಸಂಬಂಧ ಎಂಥದ್ದು ಎಂಬ ಪ್ರಶ್ನೆ ಮಾತ್ರ ಅಡಿಟಿಪ್ಪಣಿಯ ಮಟ್ಟದಲ್ಲೇ ಉಳಿದಿದೆ. 1928ರಲ್ಲಿ ಸ್ಥಾಪಿತವಾದ ಸಂಸ್ಥೆಯ ಹೆಸರೇ ಈ ಸಂಬಂಧದ ಸ್ವರೂಪವನ್ನು ಸೂಚಿಸುತ್ತದೆ. ಅದು ಕ್ರಿಕೆಟ್ಟಿಗರ ಸಂಘವಲ್ಲ, ಕ್ರಿಕೆಟ್ ನಿಯಂತ್ರಣ ಮಂಡಳಿ. ಮದ್ರಾಸಿನಲ್ಲಿ ಸಂಘಗಳ ನೋಂದಣಿ ಕಾಯಿದೆಯಡಿ ದಾಖಲಾದ ಈ ಖಾಸಗಿ ಸಂಸ್ಥೆಯಲ್ಲಿ ಮತ ಹಾಕುವ ಹಕ್ಕು ಇದ್ದುದು ಪ್ರಾಂತೀಯ ಸಂಸ್ಥೆಗಳಿಗೆ, ರೈಲ್ವೆ, ಸೇನಾ ಸೇವೆ ಮತ್ತು ವಿಶ್ವವಿದ್ಯಾಲಯಗಳಂಥ ಘಟಕಗಳಿಗೆ, ಒಂದೆರಡು ಹಳೆಯ ಕ್ಲಬ್ಬುಗಳಿಗೆ. ಆಟಗಾರನು ಆಟಗಾರನೆಂಬ ಕಾರಣಕ್ಕೆ ಅಲ್ಲಿ ಯಾವ ಸ್ಥಾನಕ್ಕೂ ಬಾಧ್ಯನಾಗಿರಲಿಲ್ಲ.

ಈ ವ್ಯವಸ್ಥೆಯ ಮೊದಲ ಪರೀಕ್ಷೆ 1936ರ ಇಂಗ್ಲೆಂಡ್ ಪ್ರವಾಸದಲ್ಲಿ ಒದಗಿತು. ಭಾರತದ ಪರವಾಗಿ ಮೊದಲ ಟೆಸ್ಟ್ ಶತಕವನ್ನು 1933ರಲ್ಲಿ ಬಾರಿಸಿದ್ದ ಲಾಲಾ ಅಮರನಾಥರನ್ನು ಮೊದಲ ಟೆಸ್ಟ್ ಆರಂಭವಾಗುವುದಕ್ಕೂ ಮುನ್ನವೇ ಅಶಿಸ್ತಿನ ಆರೋಪದ ಮೇಲೆ ಸ್ವದೇಶಕ್ಕೆ ಹಿಂದಿರುಗಿಸಲಾಯಿತು. ನಾಯಕ ವಿಜಯನಗರಂ ಮಹಾರಾಜಕುಮಾರರು ಆಟದ ಅರ್ಹತೆಗಿಂತ ಹೆಚ್ಚಾಗಿ ತಮ್ಮ ಸಂಪತ್ತು ಮತ್ತು ಪ್ರಭಾವದಿಂದ ಆ ಸ್ಥಾನಕ್ಕೆ ಬಂದವರು. ವ್ಯವಸ್ಥಾಪಕರು ಬ್ರಿಟಿಷ್ ಸೇನಾಧಿಕಾರಿ. ತಂಡದ ಅತ್ಯುತ್ತಮ ಆಟಗಾರನ ಪರವಾಗಿ ಮಾತನಾಡಬಲ್ಲ ವ್ಯಕ್ತಿ ಅಥವಾ ಸಂಸ್ಥೆ ಯಾವುದೂ ಇರಲಿಲ್ಲ. ಪ್ರವಾಸ ಮುಗಿದ ಮೇಲೆ ಬೊಂಬಾಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ ಸರ್ ಜಾನ್ ಬ್ಯೂಮಾಂಟ್ ಅವರ ನೇತೃತ್ವದ ಸಮಿತಿ ವಿಚಾರಣೆ ನಡೆಸಿ, 1937ರಲ್ಲಿ ಅಮರನಾಥರನ್ನು ದೋಷಮುಕ್ತಗೊಳಿಸಿ, ನಾಯಕತ್ವದ ಲೋಪಗಳನ್ನು ಎತ್ತಿ ತೋರಿಸಿತು. ಆಟಗಾರನ ಅಹವಾಲು ಆಡಳಿತದ ಕಿವಿಗೆ ಬೀಳಬೇಕಾದರೆ ನ್ಯಾಯಾಧೀಶರೊಬ್ಬರು ನಡುವೆ ಬರಬೇಕಾಯಿತೆಂಬುದು ಗಮನಾರ್ಹ. ಎಂಟು ದಶಕಗಳ ಬಳಿಕವೂ ಇದೇ ಮಾರ್ಗ ಪುನರಾವರ್ತನೆಯಾಯಿತು.

ಸ್ವಾತಂತ್ರ್ಯಾನಂತರ ಅಧಿಕಾರದ ಮುಖಗಳು ಬದಲಾದವು. ಅಧಿಕಾರದ ರೀತಿ ಬದಲಾಗಲಿಲ್ಲ. 1949ರಲ್ಲಿ ಅಂದಿನ ಅಧ್ಯಕ್ಷ ಆಂಟನಿ ಡಿಮೆಲೊ ಅವರ ಕಾಲದಲ್ಲಿ ಅದೇ ಅಮರನಾಥರು, ಈ ಬಾರಿ ಭಾರತದ ನಾಯಕರಾಗಿದ್ದಾಗಲೇ, ಮತ್ತೊಮ್ಮೆ ಅಮಾನತುಗೊಂಡರು. 1958–59ರಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಒಂದೇ ಸರಣಿಯಲ್ಲಿ ಭಾರತಕ್ಕೆ ನಾಲ್ವರು ನಾಯಕರಾದರು. ತಂಡದ ಆಯ್ಕೆಯಲ್ಲಿ ಮಂಡಳಿಯ ಅಧ್ಯಕ್ಷರು ಕೈಹಾಕಿದ್ದನ್ನು ಒಪ್ಪದ ಪಾಲಿ ಉಮ್ರಿಗರ್ ಅವರು ಮದ್ರಾಸ್ ಟೆಸ್ಟಿನ ಮುನ್ನಾದಿನ ನಾಯಕತ್ವವನ್ನು ತ್ಯಜಿಸಿದ್ದು ಆ ಸರಣಿಯ ಘಟನೆಗಳಲ್ಲೊಂದು. ರಾಜೀನಾಮೆಯೊಂದೇ ಅಂದಿನ ಆಟಗಾರನ ಕೈಯಲ್ಲಿದ್ದ ಪ್ರತಿಭಟನೆಯ ಸಾಧನ.

ಕರ್ನಾಟಕದ ನೆಲದಲ್ಲಿ ಈ ಸಂಘರ್ಷದ ಒಂದು ಅಧ್ಯಾಯ 1974ರ ನವೆಂಬರಿನಲ್ಲಿ ಬರೆಯಲ್ಪಟ್ಟಿತು. ಬೆಂಗಳೂರಿನ ಹೊಸ ಕ್ರೀಡಾಂಗಣದಲ್ಲಿ ಮೊತ್ತಮೊದಲ ಟೆಸ್ಟ್ ಪಂದ್ಯ. ಎದುರಾಳಿ ವೆಸ್ಟ್ ಇಂಡೀಸ್. ವಿವಿಯನ್ ರಿಚರ್ಡ್ಸ್ ಹಾಗೂ ಗಾರ್ಡನ್ ಗ್ರೀನಿಜ್ ಟೆಸ್ಟ್ ರಂಗಕ್ಕೆ ಕಾಲಿಟ್ಟ ಪಂದ್ಯವೆಂದು ಅದು ನೆನಪಿನಲ್ಲಿ ಉಳಿದಿದೆ. ಆದರೆ ಆ ಪಂದ್ಯದಲ್ಲಿ ಆಡದವರ ಹೆಸರೂ ಅಷ್ಟೇ ಮುಖ್ಯ. ಅದೇ ವರ್ಷದ ಇಂಗ್ಲೆಂಡ್ ಪ್ರವಾಸದ ವೇಳೆ ದೂರದರ್ಶನ ಸಂದರ್ಶನವೊಂದನ್ನು ನೀಡಿದರೆಂಬ ಕಾರಣಕ್ಕೆ ಬಿಷನ್ ಸಿಂಗ್ ಬೇಡಿಯವರನ್ನು ಶಿಸ್ತುಕ್ರಮವಾಗಿ ಆ ಟೆಸ್ಟಿನಿಂದ ಹೊರಗಿಡಲಾಗಿತ್ತು. ಲೋಕದ ಶ್ರೇಷ್ಠ ಎಡಗೈ ಸ್ಪಿನ್ನರ್ ಎನಿಸಿದ್ದವರು ಬಾಯಿ ತೆರೆದದ್ದಕ್ಕಾಗಿ ಬೆಂಗಳೂರಿನ ಪ್ರೇಕ್ಷಕರು ಅವರ ಬೌಲಿಂಗನ್ನು ಕಳೆದುಕೊಂಡರು.

ಇಂಗ್ಲೆಂಡಿನಲ್ಲಿ ಫ್ರೆಡ್ ರಮ್ಸಿ ಅವರ ಪ್ರಯತ್ನದಿಂದ 1967ರಲ್ಲೇ ವೃತ್ತಿಪರ ಕ್ರಿಕೆಟ್ಟಿಗರ ಸಂಘ ಹುಟ್ಟಿತ್ತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 1981ರ ಬಾಡೆನ್-ಬಾಡೆನ್ ಮಹಾಧಿವೇಶನದ ಫಲವಾಗಿ ಕ್ರೀಡಾಪಟುಗಳ ಆಯೋಗವನ್ನು ರಚಿಸಿತು. ಆಸ್ಟ್ರೇಲಿಯದ ಆಟಗಾರರು 1995ರಲ್ಲಿ ಸಂಘ ಕಟ್ಟಿ, ಮುಷ್ಕರದ ಮಾತಿನವರೆಗೂ ಹೋಗಿ ತಮ್ಮ ಒಪ್ಪಂದವನ್ನು ಪಡೆದರು. ಇವೆಲ್ಲದರ ಗಾಳಿ ಭಾರತಕ್ಕೆ ಬೀಸಲಿಲ್ಲವೆಂದಲ್ಲ. 1989ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸದ ನಂತರ ಮಂಡಳಿಯ ಅನುಮತಿಯಿಲ್ಲದೆ ಉತ್ತರ ಅಮೆರಿಕದಲ್ಲಿ ಪ್ರದರ್ಶನ ಪಂದ್ಯಗಳನ್ನಾಡಿದರೆಂದು ಕಪಿಲ್ ದೇವ್, ವೆಂಗ್‌ಸರ್ಕಾರ್, ಅಜರುದ್ದೀನ್, ರವಿ ಶಾಸ್ತ್ರಿ, ಕಿರಣ್ ಮೋರೆ ಮತ್ತು ಅರುಣ್ ಲಾಲ್ ಅವರ ಮೇಲೆ ಒಂದು ವರ್ಷದ ನಿಷೇಧ ವಿಧಿಸಲಾಯಿತು. ವಿವಾದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಅದೇ ವರ್ಷ ನಿಷೇಧ ತೆರವಾಯಿತು. ಆಟಗಾರರ ಸಂಘವೊಂದನ್ನು ನೆಲೆಗೊಳಿಸುವ ಆ ಕಾಲದ ಪ್ರಯತ್ನ ಮಾತ್ರ ಗಟ್ಟಿಯಾಗಲಿಲ್ಲ.

2002ರ ಪ್ರಸಂಗ ಇದಕ್ಕಿಂತ ಭಿನ್ನವಾದುದು. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ತನ್ನ ಪಂದ್ಯಾವಳಿಗಳ ವಾಣಿಜ್ಯ ಹಕ್ಕುಗಳನ್ನು ಮಾರಿಕೊಂಡಿತ್ತು. ಅದರ ಪ್ರಾಯೋಜಕರಿಗೆ ಪ್ರತಿಸ್ಪರ್ಧಿಯಾದ ಯಾವ ಕಂಪನಿಯ ಜಾಹೀರಾತಿನಲ್ಲೂ ಆಟಗಾರರು ಪಂದ್ಯಾವಳಿಯ ಹಿಂದಿನ ಮತ್ತು ಮುಂದಿನ ಮೂವತ್ತು ದಿನಗಳಲ್ಲಿ ಕಾಣಿಸಿಕೊಳ್ಳಬಾರದೆಂಬ ಷರತ್ತಿನ ಕರಾರುಪತ್ರ ಕೊಲಂಬೊ ಚಾಂಪಿಯನ್ಸ್ ಟ್ರೋಫಿಗೆ ಮುನ್ನ ಅವರ ಕೈಗೆ ಬಂತು. ತಮ್ಮನ್ನು ಕೇಳದೆ ತಮ್ಮ ಹೆಸರನ್ನೂ ಮುಖವನ್ನೂ ಮಾರಲಾಗಿದೆಯೆಂದು ಭಾರತದ ಆಟಗಾರರು ಸಹಿ ಹಾಕಲು ನಿರಾಕರಿಸಿದರು. ಸಾಲುಸಾಲು ಮಾತುಕತೆಗಳ ನಂತರ ಷರತ್ತು ಸಡಿಲಗೊಂಡು ತಂಡ ಆಡಿತು. ಇದರ ಬೆನ್ನಿಗೆ ಮನ್ಸೂರ್ ಅಲಿ ಖಾನ್ ಪಟೌಡಿಯವರ ಅಧ್ಯಕ್ಷತೆಯಲ್ಲಿ ಆಟಗಾರರ ಸಂಘವೂ ರೂಪುಗೊಂಡಿತು. ಅದಕ್ಕೆ ಮಂಡಳಿಯ ಮನ್ನಣೆ ದೊರೆಯಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ನಿಷ್ಕ್ರಿಯವಾಯಿತು.

ಆದರೂ ಆ ಘಟ್ಟದ ಫಲ ಉಳಿದುಕೊಂಡಿತು. ಹಿರಿಯ ಆಟಗಾರರು, ಅವರಲ್ಲಿ ಅನಿಲ್ ಕುಂಬ್ಳೆ ಪ್ರಮುಖರು, ನಡೆಸಿದ ಮಾತುಕತೆಗಳ ಹಿನ್ನೆಲೆಯಲ್ಲಿ 2004ರಲ್ಲಿ ಶ್ರೇಣೀಕೃತ ವಾರ್ಷಿಕ ಕರಾರುಗಳು ಜಾರಿಗೆ ಬಂದವು. ಮಂಡಳಿಯ ಆದಾಯದ 26 ಶೇಕಡಾ ಭಾಗ ಆಟಗಾರರಿಗೆ ಸಲ್ಲಬೇಕು, ಅದರಲ್ಲಿ 13 ಅಂತರರಾಷ್ಟ್ರೀಯ ಆಟಗಾರರಿಗೆ, 10.6 ದೇಶೀಯ ಆಟಗಾರರಿಗೆ, ಉಳಿದದ್ದು ಮಹಿಳೆಯರಿಗೂ ಕಿರಿಯರಿಗೂ ಎಂಬ ಸೂತ್ರವೂ ಪ್ರಚಲಿತವಾಯಿತು. ಈ ಹಂಚಿಕೆಯಲ್ಲಿ ಮಹಿಳೆಯರೂ ಕಿರಿಯರೂ ಒಂದೇ ಅಳಿದುಳಿದ ಕಂತಿನಲ್ಲಿ ಸೇರಿಹೋದುದು ಯಾರ ದನಿ ಮಾತುಕತೆಯ ಕೋಣೆಯನ್ನು ತಲುಪಿತ್ತು, ಯಾರದು ತಲುಪಿರಲಿಲ್ಲ ಎಂಬುದನ್ನು ತೋರಿಸುತ್ತದೆ.

ಮಹಿಳಾ ಕ್ರಿಕೆಟ್ಟಿನ ದಾರಿಯೇ ಬೇರೆಯಾಗಿತ್ತು. 1973ರಲ್ಲಿ ಸ್ಥಾಪಿತವಾದ ಭಾರತೀಯ ಮಹಿಳಾ ಕ್ರಿಕೆಟ್ ಸಂಸ್ಥೆ ಹಣವಿಲ್ಲದೆ, ಕ್ರೀಡಾಂಗಣವಿಲ್ಲದೆ ಆಟವನ್ನು ಕಟ್ಟಿತು. 1976ರಲ್ಲಿ ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತೀಯ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಆಡಿದಾಗ ನಾಯಕಿಯಾಗಿದ್ದವರು ಕರ್ನಾಟಕದ ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಟ್ನಾದಲ್ಲಿ ಮೊದಲ ಟೆಸ್ಟ್ ಗೆಲುವು, 1977ರ ಆರಂಭದಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಅವರದೇ ಬ್ಯಾಟಿನಿಂದ ಭಾರತೀಯ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕ. ಕಾಯ್ದಿರಿಸದ ರೈಲುಬೋಗಿಗಳಲ್ಲಿ ಪ್ರಯಾಣ, ಸಾಮೂಹಿಕ ಕೊಠಡಿಗಳ ನೆಲದ ಮೇಲೆ ನಿದ್ದೆ, ಹಂಚಿಕೊಂಡ ಬ್ಯಾಟುಗಳು ಆ ಪೀಳಿಗೆಯ ಅನುಭವವೆಂದು ಅವರು ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ. 2006ರಲ್ಲಿ ಈ ಸಂಸ್ಥೆ ನಿಯಂತ್ರಣ ಮಂಡಳಿಯಲ್ಲಿ ವಿಲೀನಗೊಂಡಿತು. ಸೌಲಭ್ಯ ಬಂತು, ನಿಜ. ಆದರೆ ತಮ್ಮದೇ ಆಗಿದ್ದ ಸಂಸ್ಥೆ ಇಲ್ಲವಾಯಿತು, ಹೊಸ ಸಂಸ್ಥೆಯಲ್ಲಿ ಅವರಿಗೆ ಮತವಿರಲಿಲ್ಲ. ವಿಲೀನವನ್ನು ಕೇವಲ ಪ್ರಗತಿಯೆಂದು ಬಣ್ಣಿಸುವ ಬರಹಗಳು ಈ ನಷ್ಟವನ್ನು ಗಮನಿಸಿದಂತಿಲ್ಲ.

ರಾಜ್ಯ ಮಟ್ಟದಲ್ಲಿ ಕರ್ನಾಟಕ ಒಂದು ವಿಶಿಷ್ಟ ಪ್ರಯೋಗಕ್ಕೆ ಸಾಕ್ಷಿಯಾಯಿತು. 1933ರಲ್ಲಿ ಮೈಸೂರು ಕ್ರಿಕೆಟ್ ಸಂಸ್ಥೆಯೆಂದು ಆರಂಭವಾಗಿ ಮುಂದೆ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯಾದ ಸಂಘದ ಚುನಾವಣೆಯಲ್ಲಿ 2010ರ ನವೆಂಬರಿನಲ್ಲಿ ಅನಿಲ್ ಕುಂಬ್ಳೆ ಅಧ್ಯಕ್ಷರಾಗಿ, ಜಾವಗಲ್ ಶ್ರೀನಾಥ್ ಕಾರ್ಯದರ್ಶಿಯಾಗಿ ಆಯ್ಕೆಯಾದರು. ಆಟಗಾರರೇ ಆಡಳಿತದ ಚುಕ್ಕಾಣಿ ಹಿಡಿದರೆಂದು ದೇಶದಾದ್ಯಂತ ಸಂಭ್ರಮ ವ್ಯಕ್ತವಾಯಿತು. ಇದು ಸಕಾರಣವಾದ ಸಂಭ್ರಮವೇ. ಆದರೂ ಇಲ್ಲಿ ಒಂದು ಭೇದವನ್ನು ಗುರುತಿಸಬೇಕಾಗುತ್ತದೆ. ಅವರನ್ನು ಆರಿಸಿದವರು ಕ್ಲಬ್ಬುಗಳು ಹಾಗೂ ಆಜೀವ ಸದಸ್ಯರು. ರಾಜ್ಯ ತಂಡದಲ್ಲಿ ಆಡುತ್ತಿದ್ದ ಹುಡುಗರಲ್ಲ. 2013ರಲ್ಲಿ ಅವರು ಮತ್ತೆ ಸ್ಪರ್ಧಿಸದಿದ್ದಾಗ ಪ್ರಯೋಗವೂ ಅಲ್ಲಿಗೇ ನಿಂತಿತು. ಮಾಜಿ ಆಟಗಾರನೊಬ್ಬ ಅಧಿಕಾರಕ್ಕೆ ಬರುವುದು ಬೇರೆ, ಆಟಗಾರರು ತಮ್ಮ ಪ್ರತಿನಿಧಿಯನ್ನು ತಾವೇ ಆರಿಸುವುದು ಬೇರೆ. ನಮ್ಮ ಸಾರ್ವಜನಿಕ ಚರ್ಚೆಗಳಲ್ಲಿ ಇವೆರಡೂ ಸತತವಾಗಿ ಬೆರೆತುಹೋಗಿವೆ.

ಈ ಭೇದವನ್ನು ಸ್ಪಷ್ಟವಾಗಿ ಕಂಡುಕೊಂಡ ಮೊದಲ ಅಧಿಕೃತ ದಾಖಲೆಯೆಂದರೆ ನ್ಯಾಯಮೂರ್ತಿ ಆರ್. ಎಂ. ಲೋಧಾ ಸಮಿತಿಯ ವರದಿ. ಐಪಿಎಲ್ ಬಾಜಿ ಹಗರಣದ ಹಿನ್ನೆಲೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2015ರ ಜನವರಿಯಲ್ಲಿ ನೇಮಿಸಿದ ಈ ಸಮಿತಿಯಲ್ಲಿ ನ್ಯಾಯಮೂರ್ತಿ ಅಶೋಕ್ ಭಾನ್ ಹಾಗೂ ಕರ್ನಾಟಕದವರಾದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಸದಸ್ಯರಾಗಿದ್ದರು. 2016ರ ಜನವರಿ 4ರಂದು ಸಲ್ಲಿಕೆಯಾದ ವರದಿಯಲ್ಲಿ ಪತ್ರಿಕೆಗಳ ಗಮನ ಸೆಳೆದದ್ದು ಒಂದು ರಾಜ್ಯಕ್ಕೆ ಒಂದು ಮತ, ಎಪ್ಪತ್ತರ ವಯೋಮಿತಿ, ಮಂತ್ರಿಗಳಿಗೆ ನಿಷೇಧ ಇವು. ಆಟಗಾರರ ದೃಷ್ಟಿಯಿಂದ ಹೆಚ್ಚು ಮಹತ್ವದ್ದು ಬೇರೊಂದು ಶಿಫಾರಸು. ಮಂಡಳಿಯ ಹಣಕಾಸಿನ ನೆರವಿನಿಂದಲೇ ಆಟಗಾರರ ಸಂಘವೊಂದು ರಚನೆಯಾಗಬೇಕು, ಒಂಬತ್ತು ಸದಸ್ಯರ ಅತ್ಯುಚ್ಚ ಸಮಿತಿಯಲ್ಲಿ ಆ ಸಂಘದ ಇಬ್ಬರು ಪ್ರತಿನಿಧಿಗಳು, ಒಬ್ಬ ಪುರುಷ ಒಬ್ಬ ಮಹಿಳೆ, ಇರಬೇಕು ಎಂದು ಅದು ಸೂಚಿಸಿತು. ಸಂಘ ಕಟ್ಟುವ ಸಂಚಾಲನ ಸಮಿತಿಗೆ ಜಿ. ಕೆ. ಪಿಳ್ಳೈ ಅಧ್ಯಕ್ಷರು, ಮೊಹಿಂದರ್ ಅಮರನಾಥ್, ಡಯಾನಾ ಎಡುಲ್ಜಿ, ಅನಿಲ್ ಕುಂಬ್ಳೆ ಸದಸ್ಯರು. 1936ರಲ್ಲಿ ಹಿಂದಿರುಗಿಸಲ್ಪಟ್ಟ ಆಟಗಾರನ ಮಗನ ಹೆಸರು ಈ ಪಟ್ಟಿಯಲ್ಲಿರುವುದು ಕಾಕತಾಳೀಯವಾದರೂ ಅರ್ಥಪೂರ್ಣವಾಗಿದೆ.

2016ರ ಜುಲೈ 18ರ ತೀರ್ಪು ಶಿಫಾರಸುಗಳ ಬಹುಭಾಗವನ್ನು ಅಂಗೀಕರಿಸಿತು. 2018ರ ಆಗಸ್ಟ್ 9ರ ಆದೇಶ ಕೆಲವನ್ನು ಸಡಿಲಗೊಳಿಸಿತು; ಒಂದು ರಾಜ್ಯಕ್ಕೆ ಒಂದು ಮತದ ತತ್ವ ಅಲ್ಲಿ ಬಿದ್ದುಹೋಯಿತು. ಆಟಗಾರರ ಪ್ರಾತಿನಿಧ್ಯ ಮಾತ್ರ ಉಳಿಯಿತು. 2019ರಲ್ಲಿ ಭಾರತೀಯ ಕ್ರಿಕೆಟ್ಟಿಗರ ಸಂಘ ನೋಂದಣಿಯಾಗಿ, ಅದೇ ಅಕ್ಟೋಬರಿನ ಚುನಾವಣೆಯಲ್ಲಿ ಅಂಶುಮಾನ್ ಗಾಯಕವಾಡ್ ಹಾಗೂ ಅವಿರೋಧವಾಗಿ ಶಾಂತಾ ರಂಗಸ್ವಾಮಿ ಅತ್ಯುಚ್ಚ ಸಮಿತಿಗೆ ಆಯ್ಕೆಯಾದರು. ಮಂಡಳಿಯ ಅಸ್ತಿತ್ವದ ತೊಂಬತ್ತೊಂದನೆಯ ವರ್ಷದಲ್ಲಿ ಆಟಗಾರರು ಮತ ಹಾಕಿ ಕಳುಹಿಸಿದ ಇಬ್ಬರು ಅದರ ಮೇಜಿನ ಮುಂದೆ ಕುಳಿತರು. ಹಿತಾಸಕ್ತಿ ಸಂಘರ್ಷದ ನಿಯಮಗಳ ಬಿಸಿ ಮೊದಲು ತಟ್ಟಿದ್ದೂ ಇಂಥವರಿಗೇ. ಕಪಿಲ್ ದೇವ್, ಗಾಯಕವಾಡ್, ಶಾಂತಾ ಇದ್ದ ಸಲಹಾ ಸಮಿತಿಗೆ ನೋಟಿಸು ಬಂದಾಗ ಶಾಂತಾ ಅವರು ಅದಕ್ಕೆ ರಾಜೀನಾಮೆ ನೀಡಿದ್ದರು. ಹಲವು ಹುದ್ದೆಗಳನ್ನು ಏಕಕಾಲಕ್ಕೆ ಹೊರುವ ಹಳೆಯ ಆಡಳಿತಗಾರರಿಗಾಗಿ ನೇಯ್ದ ಬಲೆಯಲ್ಲಿ ಆಟಗಾರರು ಸಿಲುಕಿದರೆನ್ನಬಹುದು.

ಇದಕ್ಕಿಂತ ಗಂಭೀರವಾದುದು ಸಂಘದ ಸದಸ್ಯತ್ವದ ಮಿತಿ. ಅದು ನಿವೃತ್ತ ಆಟಗಾರರ ಸಂಘ. ಇಂದು ಆಡುತ್ತಿರುವವರಿಗೆ ಅಲ್ಲಿ ಪ್ರವೇಶವಿಲ್ಲ. ಇಂಗ್ಲೆಂಡ್, ಆಸ್ಟ್ರೇಲಿಯಗಳಲ್ಲಿ ಇರುವಂತೆ ಕರಾರಿನ ಷರತ್ತು, ಪಂದ್ಯಗಳ ಒತ್ತಡ, ಆದಾಯದ ಪಾಲು ಇವುಗಳ ಬಗ್ಗೆ ಆಡುವವರ ಪರವಾಗಿ ಚೌಕಾಸಿ ನಡೆಸುವ ಸಂಸ್ಥೆ ಅದಲ್ಲ. 1998ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕ್ರಿಕೆಟ್ಟಿಗರ ಸಂಘಗಳ ಒಕ್ಕೂಟದಿಂದ ಭಾರತ ಹೊರಗುಳಿದದ್ದೂ ಈ ಹಿನ್ನೆಲೆಯಲ್ಲೇ. 2013ರಲ್ಲಿ ಐಸಿಸಿಯ ಕ್ರಿಕೆಟ್ ಸಮಿತಿಗೆ ಆಟಗಾರರ ಪ್ರತಿನಿಧಿಯಾಗಿ ಟಿಮ್ ಮೇ ಅವರ ಬದಲು ಲಕ್ಷ್ಮಣ್ ಶಿವರಾಮಕೃಷ್ಣನ್ ಆಯ್ಕೆಯಾದಾಗ, ಮತ ಹಾಕಿದ ನಾಯಕರ ಮೇಲೆ ಅವರ ಮಂಡಳಿಗಳು ಒತ್ತಡ ಹೇರಿವೆಯೆಂದು ಆ ಒಕ್ಕೂಟ ದೂರಿತ್ತು. ಮತದ ಹಕ್ಕಿದ್ದರೂ ಸ್ವತಂತ್ರ ಸಂಘಟನೆಯ ಆಸರೆ ಇಲ್ಲದಿದ್ದರೆ ಅದು ಎಷ್ಟು ದುರ್ಬಲವೆಂಬ ಅನುಮಾನ ಆಗಲೇ ಎದ್ದಿತ್ತು.

ನಿವೃತ್ತರ ಸಂಘ ನಿಷ್ಪ್ರಯೋಜಕವೆಂದು ಇದರರ್ಥವಲ್ಲ. 2022ರ ಜೂನಿನಲ್ಲಿ ಮಾಜಿ ಆಟಗಾರರ ಮಾಸಾಶನ ಗಣನೀಯವಾಗಿ ಏರಿತು. ಕೆಳಗಿನ ಶ್ರೇಣಿಯ ಪ್ರಥಮ ದರ್ಜೆ ಆಟಗಾರರ ಪಾಲಿಗೆ 15,000 ರೂಪಾಯಿ ಇದ್ದುದು 30,000 ಆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಭಾರತ ತಂಡದ ಮಹಿಳೆಯರಿಗೂ ಪುರುಷರಷ್ಟೇ ಪಂದ್ಯಶುಲ್ಕ, ಅಂದರೆ ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ-20ಗೆ 3 ಲಕ್ಷ, ಘೋಷಣೆಯಾಯಿತು. ವಾರ್ಷಿಕ ಕರಾರಿನ ಮೊತ್ತಗಳಲ್ಲಿದ್ದ ಅಂತರವನ್ನು ಆ ಘೋಷಣೆ ಮುಟ್ಟಲಿಲ್ಲ.

ಆಡುತ್ತಿರುವವರ ದನಿಯ ಕೊರತೆ ನಿಚ್ಚಳವಾಗಿ ಕಂಡದ್ದು ಕೋವಿಡ್ ಕಾಲದಲ್ಲಿ. 2020–21ರ ರಣಜಿ ಪಂದ್ಯಾವಳಿ ಅದರ ಚರಿತ್ರೆಯಲ್ಲೇ ಮೊದಲ ಬಾರಿಗೆ ರದ್ದಾಯಿತು. ಎರಡನೆಯ ಮಹಾಯುದ್ಧವೂ ನಿಲ್ಲಿಸಲಾಗದಿದ್ದ ಪಂದ್ಯಾವಳಿಯದು. ಐಪಿಎಲ್ಲಿನ ಕೋಟಿಗಳು ಕಾಣದ, ನೌಕರಿಯ ಆಸರೆಯಿಲ್ಲದ ದೇಶೀಯ ಆಟಗಾರನಿಗೆ ಪಂದ್ಯಶುಲ್ಕವೇ ವರ್ಷದ ಆದಾಯ. ಪಂದ್ಯವಿಲ್ಲದಿದ್ದರೆ ಅದೂ ಇಲ್ಲ, ಏಕೆಂದರೆ ರಾಷ್ಟ್ರೀಯ ತಂಡದವರಿಗಿದ್ದಂತೆ ಅವನಿಗೆ ಮಂಡಳಿಯ ವಾರ್ಷಿಕ ಕರಾರು ಇರಲಿಲ್ಲ. ಜನವರಿಯಲ್ಲಿ ರದ್ದತಿಯ ತೀರ್ಮಾನ ಹೊರಬಿತ್ತು. ಹಿಂದಿನ ಋತುವಿನಲ್ಲಿ ಆಡಿದವರಿಗೆ ಅರ್ಧ ಪಂದ್ಯಶುಲ್ಕದ ಪರಿಹಾರ ಪ್ರಕಟವಾದದ್ದು 2021ರ ಸೆಪ್ಟೆಂಬರಿನಲ್ಲಿ. ನಡುವಿನ ಎಂಟು ತಿಂಗಳು ಈ ಆಟಗಾರರ ಪರವಾಗಿ ಮಂಡಳಿಯೆದುರು ಕುಳಿತು ಮಾತನಾಡುವ ಅಧಿಕಾರ ಪಡೆದ ಸಂಘ ಯಾವುದೂ ಇರಲಿಲ್ಲ. ಅರ್ಧ ಏಕೆ, ಪೂರ್ತಿ ಏಕಲ್ಲ ಎಂದು ಕೇಳಬಹುದಾದ ವೇದಿಕೆಯೂ ಇರಲಿಲ್ಲ.

2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆಯು ಕ್ರೀಡಾ ಸಂಸ್ಥೆಗಳ ಕಾರ್ಯಕಾರಿ ಸಮಿತಿಗಳಲ್ಲಿ ವಿಶಿಷ್ಟ ಸಾಧನೆಯ ಕ್ರೀಡಾಪಟುಗಳಿಗೆ ಸ್ಥಾನ ಕಲ್ಪಿಸಿ, ಕ್ರೀಡಾಪಟುಗಳ ಸಮಿತಿಯ ರಚನೆಯನ್ನೂ ವಿಧಿಸಿದೆ. ಪದಕ ಗೆದ್ದವರಿಗೆ ಬಾಗಿಲು ತೆರೆಯುವ ಮೊದಲ ವಿಧಿಗಿಂತ, ಪದಕವಿಲ್ಲದೆಯೂ ಆಡುತ್ತಿರುವವರನ್ನು ಒಳಗೊಳ್ಳಬಲ್ಲ ಎರಡನೆಯ ವಿಧಿಯೇ ಹೆಚ್ಚು ಫಲವತ್ತಾದುದು. ಆ ಸಮಿತಿಗಳ ಮತದಾರರ ಪಟ್ಟಿಯಲ್ಲಿ ರಣಜಿ ತಂಡದ ಹನ್ನೆರಡನೆಯ ಆಟಗಾರನ ಹೆಸರು ಇರುವುದೇ ಎಂಬುದರ ಮೇಲೆ ಅದರ ಅರ್ಥ ನಿಂತಿದೆ.