ಅಜ್ಜನ ಸೈಕಲ್ ಬಿಲ್ಲೆ

ಹೋದ ಜೂನ್‌ನಲ್ಲಿ ಶಾಲೆ ಶುರುವಾಗೋ ಹೊತ್ತಿಗೆ ಅಕ್ಕ ಫೋನ್ ಮಾಡಿದ್ಲು. "ಇವ್ಳು ಎಂಟನೇ ಕ್ಲಾಸು. ಆಟೋ ಬೇಡ, ಸೈಕಲ್‌ನಲ್ಲೇ ಹೋಗ್ತೀನಿ ಅಂತ ಹಟ ಹಿಡಿದು ಕೂತಿದಾಳೆ. ನೀನಾದ್ರೂ ಬುದ್ಧಿ ಹೇಳು ಮಾರಾಯ್ತಿ."

ಅಕ್ಕನ ಮನೆ ಶಿವಮೊಗ್ಗದ ವಿದ್ಯಾನಗರದಲ್ಲಿ. ಶಾಲೆ ಹೊಳೆಯಾಚೆ ದುರ್ಗಿಗುಡಿ ಕಡೆ. ನಡುವೆ ತುಂಗಾ ಸೇತುವೆ, ಬಿ.ಎಚ್. ರಸ್ತೆ. ಬೆಂಗಳೂರು–ಹೊನ್ನಾವರ ರಸ್ತೆ ಅನ್ನೋದರ ಚಿಕ್ಕ ಹೆಸರೇ ಬಿ.ಎಚ್. ರಸ್ತೆ. ಹೆದ್ದಾರಿಯ ಬಸ್ಸು, ಲಾರಿ, ಊರಿನ ಆಟೋ, ಸ್ಕೂಟಿ ಎಲ್ಲವೂ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲೇ ಬಂದು ಸೇರಬೇಕು. ಬುದ್ಧಿ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಯಾಕಂದ್ರೆ ಅದೇ ಸೇತುವೆ ಮೇಲೆ ನಾನೇ ಒಮ್ಮೆ ಸೋತು ಬಂದವಳು.

2020ರಲ್ಲಿ ಬೆಂಗಳೂರಿನ ಆಫೀಸು ಮುಚ್ಚಿ, ಲ್ಯಾಪ್‌ಟಾಪ್ ಹಿಡ್ಕೊಂಡು ಊರಿಗೆ ಬಂದೆ. ಲಾಕ್‌ಡೌನ್ ಸಡಿಲ ಆದಮೇಲೆ ಹುಮ್ಮಸ್ಸಿನಲ್ಲಿ ಒಂದು ಗೇರ್ ಸೈಕಲ್ ತಗೊಂಡೆ. ಮೊದಲ ವಾರವೇ ಸೇತುವೆ ಮೇಲೆ ಹಿಂದಿನಿಂದ ಒಂದು ಬಸ್ಸು ಎಷ್ಟು ಹತ್ತಿರ ಬಂದು ಹಾರ್ನ್ ಹೊಡೀತು ಅಂದ್ರೆ, ಕೈ ಕಾಲು ಎರಡೂ ನಡುಗಿ ಇಳಿದುಬಿಟ್ಟೆ. ಉಳಿದ ದಾರಿ ತಳ್ಳಿಕೊಂಡೇ ನಡೆದೆ. ಮೂರು ತಿಂಗಳು ಸೈಕಲ್ ಮೆಟ್ಟಿಲ ಕೆಳಗೆ ಧೂಳು ತಿಂತಾ ನಿಂತಿತ್ತು.

ಆಗ ನಮ್ಮಜ್ಜ ಇನ್ನೂ ಇದ್ರು. ಹೊಳೆಹೊನ್ನೂರು ಕಡೆಯ ನಮ್ಮ ಹಳ್ಳಿಯಿಂದ ಭದ್ರಾವತಿಯ ಕಾರ್ಖಾನೆಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಸೈಕಲ್ ತುಳಿದವರು. "ಯಾಕೆ ನಿಲ್ಸಿದೀಯೇ?" ಅಂದ್ರು. ಹೆದರಿಕೆ ಆಗುತ್ತೆ ಅಜ್ಜ ಅಂದೆ. ಬೈತಾರೆ ಅಂದ್ಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು: "ಒಬ್ಳೇ ಹೋದ್ಯಾ?"

ಆ ಪ್ರಶ್ನೆ ಅರ್ಥ ಆಗಬೇಕಾದ್ರೆ ಭದ್ರಾವತಿಯ ಕತೆ ಸ್ವಲ್ಪ ಗೊತ್ತಿರಬೇಕು.

ಬೆಂಕಿಪುರ ಅಂತ ಕರೆಸಿಕೊಳ್ಳುತ್ತಿದ್ದ ಸಣ್ಣ ಊರು ಅದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ ಅಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಯ್ತು. ಮಲೆನಾಡಿನ ಕಾಡಿನ ಇದ್ದಿಲು ಉರಿಸಿ 1923ರಲ್ಲಿ ಕಬ್ಬಿಣ ತೆಗೆದರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ, ಅಂದ್ರೆ ನಮ್ಮ ಎಂಪಿಎಂ, ಸ್ಥಾಪನೆಯಾಯ್ತು. ಒಂದೇ ಊರಲ್ಲಿ ಎರಡು ದೊಡ್ಡ ಕಾರ್ಖಾನೆ, ಮೂರು ಪಾಳಿ, ಸಾವಿರಾರು ಕೆಲಸಗಾರರು. ಇವರೆಲ್ಲ ಕೆಲಸಕ್ಕೆ ಹೋಗಿಬರೋದು ಹೇಗೆ?

ಆ ಹೊತ್ತಿಗೆ ಸೈಕಲ್ ಬಡವರ ಕೈಗೆ ಸಿಗೋ ಹಂತಕ್ಕೆ ಬರ್ತಾ ಇತ್ತು. ಮುಂದಿನ ಚಕ್ರ ಆಳೆತ್ತರ ಇದ್ದ ಹಳೇ ಸೈಕಲ್ ಹತ್ತೋಕೆ ಗಟ್ಟಿ ಗುಂಡಿಗೆ ಬೇಕಿತ್ತು. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ಎರಡೂ ಚಕ್ರ ಹೆಚ್ಚುಕಮ್ಮಿ ಒಂದೇ ಅಳತೆಯ, ಚೈನು ಇರುವ ಸೈಕಲ್ ತಂದರು. 1888ರಲ್ಲಿ ಡನ್‌ಲಪ್ ಗಾಳಿ ತುಂಬುವ ಟೈರಿಗೆ ಪೇಟೆಂಟ್ ಪಡೆದರು. ಸ್ವಾತಂತ್ರ್ಯದ ಆಸುಪಾಸಿನಿಂದ ನಮ್ಮಲ್ಲೇ ಕಾರ್ಖಾನೆಗಳು ಬಂದವು: 1949ರಲ್ಲಿ ಮದ್ರಾಸಿನ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್‌ನ ಅಟ್ಲಾಸ್, 1956ರಲ್ಲಿ ಲುಧಿಯಾನದ ಹೀರೋ. ಅಜ್ಜನದ್ದು ಅಟ್ಲಾಸ್. ಹಿಂದೆ ಕ್ಯಾರಿಯರ್, ಅದರಲ್ಲಿ ಬುತ್ತಿ. ಟೈರಿಗೆ ಒರಗಿಸಿದ ಡೈನಮೋ.

ಅಜ್ಜ ಹೇಳ್ತಿದ್ದ ಚಿತ್ರ ಇದು. ಎರಡು ಗಂಟೆಯ ಸೈರನ್ ಕೂಗ್ತಿದ್ದಂಗೆ ಗೇಟು ತೆಗೀತಿತ್ತು. ಕಟ್ಟೆ ಒಡೆದ ನೀರಿನಂಗೆ ಸೈಕಲ್‌ಗಳು ಹೊರಗೆ ಬರ್ತಿದ್ವು. ನಾಲ್ಕು ನಾಲ್ಕು ಸಾಲು, ಮಾತಾಡ್ತಾ, ಬೀಡಿ ಎಳೀತಾ. ಎದುರಿಗೆ ಬಂದ ಲಾರಿಯವ್ನು ಎಂಜಿನ್ ಆಫ್ ಮಾಡಿ ಕೂರ್ತಿದ್ದ. "ಅವ್ನು ಒಳ್ಳೆಯವ್ನು ಅಂತ ಅಲ್ಲ, ನಾವು ಅಷ್ಟು ಜನ ಇದ್ವಿ ಅಂತ" ಅಂತಿದ್ರು.

ಇನ್ನೊಂದು ಸಂಗತಿ ಇತ್ತು. ಆಗ ಸೈಕಲ್‌ಗೂ ಲೈಸೆನ್ಸು. ವರ್ಷಕ್ಕೊಮ್ಮೆ ಪುರಸಭೆಗೆ ದುಡ್ಡು ಕಟ್ಟಿ ತಗಡಿನ ಬಿಲ್ಲೆ ಹಾಕಿಸಬೇಕು. ಬಿಲ್ಲೆ ಇಲ್ಲದಿದ್ರೆ, ಕತ್ತಲಲ್ಲಿ ದೀಪ ಇಲ್ಲದಿದ್ರೆ, ಡಬಲ್ ರೈಡ್ ಹೊಡೆದ್ರೆ ಹಿಡೀತಿದ್ರು. ನಮಗೆ ಇವತ್ತು ಕೇಳಿದ್ರೆ ನಗು ಬರುತ್ತೆ. ಆದ್ರೆ ಅಜ್ಜನಿಗೆ ಆ ಬಿಲ್ಲೆ ಬಗ್ಗೆ ಒಂಥರಾ ಗತ್ತು. ರಸ್ತೆಗೆ ನಾನೂ ದುಡ್ಡು ಕಟ್ಟಿದೀನಿ, ನನಗೂ ಪಾಲಿದೆ ಅನ್ನೋ ಗತ್ತು. ಬಿಲ್ಲೆಗಳು ಹೋದವು. ಸೈಕಲ್ಲಿಗೆ ಲೈಸೆನ್ಸು ಬೇಡ ಅನ್ನೋದು ಅನುಕೂಲವೇ. ಆದ್ರೆ ಅದರ ಜೊತೆಗೆ ಆ ಪಾಲಿನ ಲೆಕ್ಕವೂ ಹೋಯ್ತೇನೋ ಅನ್ಸುತ್ತೆ.

ನಾನು ಸೈಕಲ್ ಕಲಿತದ್ದು ಭದ್ರಾ ಚಾನಲ್ ಏರಿ ಮೇಲೆ, ಅಜ್ಜನ ಅಟ್ಲಾಸಿನ ಬಾರ್ ಒಳಗೆ ಕಾಲು ತೂರಿಸಿ. ಒಳಪೆಡಲ್ ಅಂತೀವಲ್ಲ, ಹಾಗೆ. ಸ್ವಂತದ್ದು ಸಿಕ್ಕಿದ್ದು ಎಂಟನೇ ಕ್ಲಾಸಿನಲ್ಲಿ. 2006–07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡೋಕೆ ಶುರುಮಾಡ್ತು. ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ. ಹಣಕಾಸು ನೋಡ್ತಿದ್ದವರು ನಮ್ಮ ಜಿಲ್ಲೆಯ ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ. ಹೈಸ್ಕೂಲಿಗೆ ಐದು ಕಿಲೋಮೀಟರ್. ಹತ್ತು ಹನ್ನೆರಡು ಹುಡುಗೀರು ರಸ್ತೆ ತುಂಬ ಹೋಗ್ತಿದ್ವಿ. ಕಬ್ಬಿನ ಟ್ರ್ಯಾಕ್ಟರ್‌ನವ್ನು ಹಿಂದಿನಿಂದ ಬೈಯ್ತಿದ್ದ, ಆದ್ರೆ ಕಾಯ್ತಿದ್ದ. ಮೂರು ವರ್ಷ ಹೆದರಿಕೆ ಅನ್ನೋದೇ ಗೊತ್ತಿರಲಿಲ್ಲ. ನಾನು ಧೈರ್ಯವಂತೆ ಅಂದ್ಕೊಂಡಿದ್ದೆ. ಅದು ಹನ್ನೆರಡು ಜನರ ಧೈರ್ಯ ಅಂತ ತುಂಗಾ ಸೇತುವೆ ಮೇಲೆ ಗೊತ್ತಾಯ್ತು.

ಇದು ಬರೀ ಅಜ್ಜನ ಅನುಭವದ ಮಾತಲ್ಲ. 2003ರಲ್ಲಿ ಪೀಟರ್ ಜೇಕಬ್ಸನ್ ಅನ್ನೋರು ಅಮೆರಿಕ, ಯುರೋಪಿನ ಅಂಕಿಅಂಶ ಇಟ್ಕೊಂಡು ತೋರಿಸಿದ್ದು ಇದನ್ನೇ. ನಡೆಯುವವರು, ಸೈಕಲ್ ತುಳಿಯುವವರು ಎರಡು ಪಟ್ಟಾದ್ರೆ ಒಬ್ಬೊಬ್ಬರಿಗೆ ಇರೋ ಅಪಾಯ ಸುಮಾರು ಮೂರನೇ ಒಂದು ಭಾಗ ಇಳಿಯುತ್ತೆ. ಡ್ರೈವರ್‌ಗಳ ಕಣ್ಣಿಗೆ ಸೈಕಲ್ ರೂಢಿಯಾಗುತ್ತೆ.

ಇವತ್ತು ಸೈಕಲ್ ದೇಶ ಅನ್ನಿಸಿಕೊಂಡಿರೋ ನೆದರ್ಲೆಂಡ್ಸ್ ಕೂಡ ಹಿಂದೆ ಹೀಗಿರಲಿಲ್ಲ. ಕಾರುಗಳು ರಸ್ತೆ ತುಂಬಿದ ಮೇಲೆ, 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸತ್ತವರು ಮೂರು ಸಾವಿರಕ್ಕೂ ಹೆಚ್ಚು. ಅದರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಅಪ್ಪ ಅಮ್ಮಂದಿರು 'ಮಕ್ಕಳ ಕೊಲೆ ನಿಲ್ಲಿಸಿ' ಅಂತ ಬೀದಿಗಿಳಿದರು. ಮಕ್ಕಳಿಗೆ "ಹುಷಾರಾಗಿರು" ಅಂತ ಹೇಳಿ ಸುಮ್ಮನಾಗಲಿಲ್ಲ, ರಸ್ತೆ ಬದಲಾಯಿಸಿ ಅಂದರು.

ನಮ್ಮಲ್ಲಿ ಆಗಿದ್ದು ಉಲ್ಟಾ. ಸೈಕಲ್ ಬಿಟ್ಟು ಮೊಪೆಡ್, ಮೊಪೆಡ್ ಬಿಟ್ಟು ಬೈಕು. ಎಂಪಿಎಂ 2015ರ ಹೊತ್ತಿಗೆ ನಿಂತಿತು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚೋ ತೀರ್ಮಾನ ಬಂದಾಗ ಕೆಲಸಗಾರರು ಧರಣಿ ಕೂತರು. ಕೋವಿಡ್ ಬಂದಮೇಲೆ ಎಂಟನೇ ಕ್ಲಾಸಿನ ಉಚಿತ ಸೈಕಲ್ಲೂ ನಿಂತುಹೋಯ್ತು. ಸಾಲು ಒಡೆದು ಒಬ್ಬೊಬ್ಬರೇ ಉಳಿದ್ವಿ. ಒಬ್ಬೊಬ್ಬರೇ ಹೆದರಿದ್ವಿ.

ಅಜ್ಜನ ಪ್ರಶ್ನೆ ಕೇಳಿದ ಮೇಲೆ ನಾನು ಮಾಡಿದ್ದಿಷ್ಟು. ಮೊದಲು ಭಾನುವಾರ ಬೆಳಿಗ್ಗೆ ಆರಕ್ಕೆ ಖಾಲಿ ಸೇತುವೆ. ಆಮೇಲೆ ಏಳಕ್ಕೆ. ಆಮೇಲೆ ವಾರದ ದಿನ. ರಸ್ತೆಯ ಅಂಚಿನ ಮಣ್ಣಿಗೆ ಅಂಟಿಕೊಂಡು ಹೋಗೋದು ಬಿಟ್ಟೆ. ಅಂಚಿನಲ್ಲಿದ್ರೆ ನಮ್ಮನ್ನ ನೂಕಿಕೊಂಡು ನುಗ್ತಾರೆ, ನಿಂತ ಕಾರಿನ ಬಾಗಿಲೂ ದಿಢೀರ್ ತೆಗೆಯುತ್ತೆ. ಒಂದು ಮಾರು ಒಳಗಿದ್ರೆ ಹಿಂದಿನವ್ನಿಗೆ ಕಾಣ್ತೀವಿ. ತಿರುಗೋ ಮುಂಚೆ ಹಿಂದೆ ನೋಡಿ, ಕೈ ಚಾಚೋದು ಕಲಿತೆ. ಲಾರಿ, ಬಸ್ಸಿನ ಎಡಮಗ್ಗುಲಿಗೆ ಸೇರಲೇಬಾರದು, ಅಲ್ಲಿ ಡ್ರೈವರ್‌ಗೆ ನಾವು ಕಾಣಲ್ಲ. ಅಮೀರ್ ಅಹ್ಮದ್ ಸರ್ಕಲ್ ಕಷ್ಟ ಅನ್ಸಿದ ದಿನ ಇಳಿದು ತಳ್ಳಿಕೊಂಡು ದಾಟ್ತೀನಿ. ಅದರಲ್ಲಿ ಈಗ ನಾಚಿಕೆ ಇಲ್ಲ.

ಅಕ್ಕನಿಗೆ ಇದನ್ನೆಲ್ಲ ಹೇಳಿದೆ. "ಇಷ್ಟೆಲ್ಲ ಕತೆ ಹೇಳಿದ್ಯಲ್ಲ, ಕಳಿಸ್ಲಾ ಬೇಡ್ವಾ?" ಅಂದ್ಲು. ಒಬ್ಳನ್ನೇ ಕಳಿಸಬೇಡ ಅಂದೆ.

ವಿದ್ಯಾನಗರದಲ್ಲಿ ಅವಳ ಶಾಲೆಗೆ ಹೋಗೋ ಮಕ್ಕಳನ್ನ ಹುಡುಕಿದ್ವಿ. ಇಬ್ಬರು ಸಿಕ್ಕರು. ಜುಲೈ ಪೂರ್ತಿ ನಾಲ್ಕು ಭಾನುವಾರ ಮೂವರನ್ನೂ ಕರ್ಕೊಂಡು ಅದೇ ದಾರಿ ತುಳಿದೆ. ಆಗಸ್ಟಿನಿಂದ ವಾರಕ್ಕೆ ಮೂರು ದಿನ, ಮಳೆ ಇಲ್ಲದಿದ್ರೆ, ಎಂಟೂವರೆಗೆ ಹೊರಡ್ತೀವಿ. ಮುಂದೆ ಮೂರು ಮಕ್ಕಳು, ಕೊನೆಗೆ ನಾನು. ಹಾರ್ನ್ ಹೊಡೆಯೋರು ಈಗಲೂ ಹೊಡೀತಾರೆ. ನನ್ನ ಎದೆ ಈಗಲೂ ಒಮ್ಮೊಮ್ಮೆ ಢವಢವ ಅನ್ನುತ್ತೆ. ಒಂದು ದಿನವಾದ್ರೂ ಏನಾದ್ರೂ ಆಗಿಬಿಟ್ರೆ ಅಕ್ಕನಿಗೆ ಏನು ಹೇಳ್ಲಿ ಅನ್ನೋ ಯೋಚನೆ ಪೂರ್ತಿ ಹೋಗಿಲ್ಲ, ಹೋಗೋದೂ ಬೇಡ.

ಅಜ್ಜ ಹೋದಮೇಲೆ ಅವರ ಟ್ರಂಕಿನಲ್ಲಿ ಒಂದು ತುಕ್ಕು ಹಿಡಿದ ಬಿಲ್ಲೆ ಸಿಕ್ಕಿತು. ಅಕ್ಷರ ಓದೋಕಾಗಲ್ಲ. ಅದನ್ನ ಹುಡುಗಿ ತನ್ನ ಸೈಕಲ್ಲಿನ ಹ್ಯಾಂಡಲ್ಲಿಗೆ ಕಟ್ಟಿಕೊಂಡಿದಾಳೆ. ಹೋದ ವಾರ ನಾಲ್ಕನೆಯ ಹುಡುಗ ಒಬ್ಬ ಬಂದ. "ಚಿಕ್ಕಮ್ಮ, ಇವ್ನಿಗೆ ಕೈ ತೋರ್ಸೋದು ಬರಲ್ಲ, ನೀನು ಇವ್ನ ಪಕ್ಕ ಇರು" ಅಂತ ಹೇಳಿ ಅವಳು ಮುಂದೆ ಹೋದ್ಲು.