ಜ್ವರದ ಪುಡಿಯ ಜಾಡು ಹಿಡಿದು

‘ಗುಡಿ ಟೂ ಶೂಸ್’ 1765ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಮಕ್ಕಳ ಕಿರುಹೊತ್ತಿಗೆ. ಅದರ ಮೊದಲಲ್ಲೇ ಪುಟ್ಟ ಮಾರ್ಜರಿಯ ಅಪ್ಪ ಜಮೀನು ಕಳೆದುಕೊಂಡು ಜ್ವರದಿಂದ ಸಾಯುತ್ತಾನೆ. ಇಷ್ಟೇ ಆಗಿದ್ದರೆ ನಾನೂ ಮುಂದಿನ ಪುಟಕ್ಕೆ ಹೋಗುತ್ತಿದ್ದೆ. ಆದರೆ ಕಥೆಗಾರ ಇನ್ನೊಂದು ಮಾತು ಸೇರಿಸುತ್ತಾನೆ: ಅವನು ಸತ್ತ ಜಾಗದಲ್ಲಿ ಡಾ. ಜೇಮ್ಸ್‌ ಅವರ ಪುಡಿ ಸಿಗುತ್ತಿರಲಿಲ್ಲ. ಹುಡುಗಿ ಅನಾಥೆಯಾಗುವ ಹೊತ್ತಿನಲ್ಲಿ ಔಷಧದ ಹೆಸರೇಕೆ?

ಸುಳಿವು ಪುಸ್ತಕದ ಮುಖಪುಟದಲ್ಲೇ ಇತ್ತು. ಪ್ರಕಾಶಕ ಜಾನ್ ನ್ಯೂಬೆರಿ, ಸೇಂಟ್ ಪಾಲ್ಸ್ ಚರ್ಚಿನ ಅಂಗಳದ ಅಂಗಡಿಕಾರ. ಹಳೆಯ ದಾಖಲೆಗಳಲ್ಲಿ ಅವನ ಹೆಸರು ಬೆನ್ನಟ್ಟಿದರೆ ಕಥೆಪುಸ್ತಕಗಳ ಜತೆಗೇ ಔಷಧದ ವ್ಯಾಪಾರವೂ ಎದುರಾಗುತ್ತದೆ. ವೈದ್ಯ ರಾಬರ್ಟ್ ಜೇಮ್ಸ್ ತನ್ನ ಜ್ವರದ ಪುಡಿಯ ಮಾರಾಟಕ್ಕೆ 1746ರಲ್ಲಿ ಅವನೊಡನೆ ಒಪ್ಪಂದ ಮಾಡಿಕೊಂಡ. ಮರುವರ್ಷ ಪೇಟೆಂಟೂ ಸಿಕ್ಕಿತು. ಆಗಿನ ಔಷಧ ವ್ಯಾಪಾರಿಗಳು ಗುಣ ಹೊಗಳುವ ಕರಪತ್ರ ಹಂಚುತ್ತಿದ್ದರು. ಅದನ್ನು ಓದುವವನಿಗೆ ಇದು ಮಾರಾಟದ ಮಾತು ಎಂದು ಗೊತ್ತಿರುತ್ತಿತ್ತು. ನ್ಯೂಬೆರಿ ಜಾಹೀರಾತನ್ನು ಸಾವಿನ ಕಾರಣದೊಳಗೇ ಹುದುಗಿಸಿದ. ಕೇಳುವ ಮಗು ಅತ್ತಿತು, ಓದಿ ಹೇಳುವ ತಾಯಿಗೆ ಭಯ ಹತ್ತಿತು. ಕಿಲಾಡಿ!

ಈ ಪುಸ್ತಕ ಬರೆದವರು ಯಾರೆಂದು ಅಲ್ಲಿಲ್ಲ. ಆಲಿವರ್ ಗೋಲ್ಡ್‌ಸ್ಮಿತ್ ಇರಬಹುದೆಂದು ಊಹಿಸಿದವರುಂಟು. ಅವನು ನ್ಯೂಬೆರಿಗಾಗಿ ಬರೆಯುತ್ತಿದ್ದದ್ದಂತೂ ನಿಜ. ಈ ಊಹೆಯ ಬೆನ್ನು ಹತ್ತಿದ್ದರಿಂದಲೇ ನನಗೆ 1774ರ ಇನ್ನೊಂದು ಕಿರುಹೊತ್ತಿಗೆ ಸಿಕ್ಕಿತು. ಬರೆದವನು ಔಷಧ ಕೊಡುತ್ತಿದ್ದ ವಿಲಿಯಂ ಹಾಸ್. ಆ ಮಾರ್ಚ್‌ನಲ್ಲಿ ಗೋಲ್ಡ್‌ಸ್ಮಿತ್‌ಗೆ ಜ್ವರ ಬಂದಿತ್ತು. ಬೇಡವೆಂದರೂ ಕೇಳದೆ ಜೇಮ್ಸ್ ಪುಡಿಯೇ ಬೇಕೆಂದು ಹಟ ಹಿಡಿದ, ತೆಗೆದುಕೊಂಡ, ಕೆಲವೇ ದಿನಗಳಲ್ಲಿ ತೀರಿಕೊಂಡ ಎಂದು ಹಾಸ್ ಬರೆದ. ಆ ಹೊತ್ತಿಗೆ ಜಾನ್ ಇರಲಿಲ್ಲ. ಪುಡಿಯ ವ್ಯಾಪಾರ ಮಗ ಫ್ರಾನ್ಸಿಸ್‌ನ ಕೈಯಲ್ಲಿತ್ತು. ಅವನು ಸುಮ್ಮನಿರಲಿಲ್ಲ, ತನ್ನ ಪುಡಿಯ ಪರವಾಗಿ ತಾನೂ ಅಚ್ಚು ಹಾಕಿಸಿದ. ಪುಡಿಯೇ ಕೊಂದಿತೆಂದು ನಾನು ಹೇಳಲಾರೆ. ರೋಗಿ ಮೊದಲೇ ಕುಗ್ಗಿದ್ದ; ಹಾಸ್‌ಗೆ ತನ್ನ ಹೆಸರು ಉಳಿಸಿಕೊಳ್ಳುವ ಆತುರವಿತ್ತು, ಫ್ರಾನ್ಸಿಸ್‌ಗೆ ವ್ಯಾಪಾರ ಉಳಿಸಿಕೊಳ್ಳುವ ಆತುರ.

ಪುಡಿಯಲ್ಲಿ ಇದ್ದದ್ದೇನು? ಪೇಟೆಂಟಿನಲ್ಲಿ ತಯಾರಿಸುವ ಬಗೆಯನ್ನು ಬರೆದಿತ್ತು, ಆದರೆ ಅದರಂತೆ ಮಾಡಿದರೆ ಅಂಗಡಿಯ ಪುಡಿ ಆಗುವುದಿಲ್ಲ ಎಂಬ ದೂರಿತ್ತು. ಕೊನೆಗೆ 1791ರಲ್ಲಿ ವೈದ್ಯ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ, ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ: ಮೂಳೆಯಲ್ಲಿರುವಂಥ ಸುಣ್ಣದ ಫಾಸ್ಫೇಟು, ಜತೆಗೆ ಆಂಟಿಮನಿ. ಆಂಟಿಮನಿ ಬೆವರಿಳಿಸುತ್ತದೆ, ವಾಂತಿ ಮಾಡಿಸುತ್ತದೆ, ಹೆಚ್ಚಾದರೆ ವಿಷ. ಮಾರ್ಜರಿಯ ಅಪ್ಪನಿಗೆ ಸಿಗದೇ ಹೋದ ಮದ್ದು ಇದೇ.